ಗಾಜು ಒರೆಸುವ ಮೊದಲು ಗೋಣಿಚೀಲ ನೋಡಿ

ಮಳೆಗಾಲದಲ್ಲಿ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವ ಹಳೆಯ ಲಾರಿಗಳನ್ನು ನೋಡಿ. ಡ್ರೈವರನ ಎಡಗೈಗೆ ಪುರುಸೊತ್ತೇ ಇರುವುದಿಲ್ಲ. ಗೇರಿಗೂ ಅದೇ ಬೇಕು, ಬನಿಯನ್ ವೇಸ್ಟ್ ಹಿಡಿದು ಮುಂದಿನ ಗಾಜು ಉಜ್ಜುವುದಕ್ಕೂ ಅದೇ ಬೇಕು. ಹೊರಗಿನ ಮಳೆಯನ್ನು ವೈಪರ್ ಹೇಗೋ ತಳ್ಳುತ್ತಿರುತ್ತದೆ. ಒಳಗಿನ ಮಂಜಿಗೆ ಮಾತ್ರ ‘ಏ, ಗ್ಲಾಸ್ ಒರ್ಸೋ’ ಎಂಬ ಕೂಗೇ ಗತಿ. ಕ್ಲೀನರ್ ಒರೆಸುತ್ತಾನೆ, ಎರಡು ತಿರುವು ದಾಟುವಷ್ಟರಲ್ಲಿ ಮತ್ತೆ ಮಬ್ಬು.

ಟಾಟಾ 1210, 1612, ಲೇಲ್ಯಾಂಡ್ ಕಾಮೆಟ್ ಕಾಲದ ಗಾಡಿಗಳ ಮೋಹ ಹತ್ತಿಸಿಕೊಂಡವರು ಎಂಜಿನ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಕ್ಯಾಬಿನ್ ವಿಷಯಕ್ಕೆ ಬಂದರೆ ಬಣ್ಣ, ಹಾರ್ನು, ಮುಂದಿನ ಬರಹ ಇಷ್ಟೇ. ಆದರೆ ಹಳೆಯ ಲಾರಿ ಸಾಯುವುದು ಸಾಮಾನ್ಯವಾಗಿ ಕ್ಯಾಬಿನ್ನಿನಿಂದ. ಎಂಜಿನ್ ಬೋರಾದರೆ ಕೆಲಸಕ್ಕೆ ಇಳಿಸಬಹುದು. ಕಾಲಡಿಯ ತಗಡು ಒಳಗಿಂದಲೇ ತಿಂದುಹೋಗಿದ್ದರೆ ಟಿಂಕರಿಂಗ್ ಶೆಡ್ಡಿನವನು ಹಳೆಯದನ್ನು ಕತ್ತರಿಸುತ್ತಾ ಹೋಗಿ, ವೆಲ್ಡಿಂಗ್ ಹಿಡಿಸಲು ಗಟ್ಟಿ ಅಂಚೇ ಸಿಗದೆ ಕೈಚೆಲ್ಲುತ್ತಾನೆ. ಹಾಗೆ ತಿನ್ನುವ ನೀರಿನಲ್ಲಿ ಸೋರಿ ಬಂದದ್ದು ಸ್ವಲ್ಪ, ನಾವೇ ಹತ್ತಿಸಿಕೊಂಡು ಬಂದದ್ದು ಬಹಳ.

ಲೆಕ್ಕ ನೋಡೋಣ. ಮಂಗಳೂರು ಕಡೆಯ 28 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಸುಮಾರು 27 ಗ್ರಾಂ ನೀರಾವಿ ಹೊರಬಲ್ಲದು. 20 ಡಿಗ್ರಿಗೆ ಇಳಿದರೆ ಅದರ ಶಕ್ತಿ 17 ಗ್ರಾಮಿಗೆ ನಿಲ್ಲುತ್ತದೆ. ಘಾಟಿ ಹತ್ತಿದ ಮೇಲೆ ಸಿಗುವ ಸಕಲೇಶಪುರ ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಘಾಟಿ ಹತ್ತುತ್ತಾ ಹೊರಗಿನ ಥಂಡಿಗೆ ಗಾಜು ತಣ್ಣಗಾಗುತ್ತದೆ, ಒಳಗಿನ ಗಾಳಿ ಹೊರಲಾರದ ಹತ್ತು ಗ್ರಾಂ ಅದರ ಮೇಲೆ ಕೂರುತ್ತದೆ. ಕ್ಯಾಬಿನ್ ಐದು ಘನ ಮೀಟರ್ ಎಂದಿಟ್ಟುಕೊಂಡರೆ ಐವತ್ತು ಗ್ರಾಂ, ಅಂದರೆ ಹತ್ತು ಚಮಚ ನೀರು. ಇಷ್ಟೇ ಆಗಿದ್ದರೆ ಎರಡು ಸಲ ಒರೆಸಿದರೆ ಮುಗಿಯಬೇಕಿತ್ತು. ಮುಗಿಯುವುದಿಲ್ಲ, ಏಕೆಂದರೆ ದಾಸ್ತಾನು ಬೇರೆ ಕಡೆ ಇದೆ.

ಕೆಳಗೆ ಬಗ್ಗಿ ನೋಡಿ. ಕಾಲೊರೆಸಲು ಹಾಕಿದ ಗೋಣಿಚೀಲವೊಂದೇ ಅರ್ಧ ಲೀಟರ್ ನೀರನ್ನು ಸಲೀಸಾಗಿ ಕುಡಿದು ಕೂತಿರುತ್ತದೆ. ಅದರಡಿ ರಬ್ಬರ್ ಮ್ಯಾಟು, ಮ್ಯಾಟಿನಡಿ ಯಾವ ಕಾಲದಲ್ಲೋ ಹಾಸಿದ ನಾರಿನ ಹಾಸು. ಸೀಟಿನ ಹಿಂದೆ ಒದ್ದೆ ಹಗ್ಗ, ಹಗ್ಗದ ಮೇಲೆ ಒದ್ದೆ ಕೋಟು. ಇದೆಲ್ಲದರ ನಡುವೆ ಎಂಜಿನ್ನಿನ ಬಾನೆಟ್ಟು. ಆ ಕಾಲದ ಬಹಳಷ್ಟು ಗಾಡಿಗಳಲ್ಲಿ ಅದು ಕ್ಯಾಬಿನ್ನಿನೊಳಗೇ, ಡ್ರೈವರಿಗೂ ಕ್ಲೀನರಿಗೂ ನಡುವೆ ಉಬ್ಬಿಕೊಂಡು, ಸದಾ ಬೆಚ್ಚಗೆ ಇರುತ್ತದೆ. ಹಗ್ಗ ಬಿಗಿಯಲು ಮಳೆಯಲ್ಲಿ ಇಳಿದು ಹತ್ತಿದ ಹುಡುಗ ಒದ್ದೆ ಅಂಗಿ, ಟವಲು ಬಿಚ್ಚಿ ಅದರ ಮೇಲೆ ಹರವುತ್ತಾನೆ. ಅಂಗಿಯಿಂದ ಹಬೆ ಏಳುವುದು ಕಣ್ಣಿಗೇ ಕಾಣುತ್ತದೆ. ಒಂದು ಗೇಣುದ್ದ ಮೇಲಕ್ಕೆ ಹೋಗಿ ಬಾಗುತ್ತದೆ, ಮುಂದಿನ ಗಾಜಿನ ಮೇಲೆ ಎರಡು ಭಾಗದ ನಡುವಿನ ಪಟ್ಟಿಯ ಪಕ್ಕದಿಂದಲೇ ಮಬ್ಬು ಶುರುವಾಗುತ್ತದೆ. ಅಂಗಿ ಒಣಗಿತು ಎಂದು ಹುಡುಗನಿಗೆ ಖುಷಿ. ಅದರ ನೀರೆಲ್ಲ ಡ್ರೈವರನ ಕಣ್ಣೆದುರು!

ರಾತ್ರಿಯ ಕಥೆ ಇನ್ನೊಂದು. ಗಾಜು ಏರಿಸಿ ಮಲಗಿದ ಮನುಷ್ಯ ಬೆಳಗಾಗುವುದರೊಳಗೆ ಉಸಿರು ಮತ್ತು ಮೈಯಿಂದ ಹೆಚ್ಚುಕಮ್ಮಿ ಕಾಲು ಲೀಟರ್ ನೀರು ಬಿಡುತ್ತಾನೆ. ಇಬ್ಬರಿದ್ದರೆ ಅರ್ಧ ಲೀಟರ್. ಮಳೆ ಬಿಡದಿದ್ದಾಗ ಸ್ಟೌವನ್ನೂ ಒಳಗೇ ಹಚ್ಚುವವರಿದ್ದಾರೆ. ಒಂದು ಕಿಲೊ ಗ್ಯಾಸ್ ಉರಿದರೆ ಒಂದೂವರೆ ಕಿಲೊಗೂ ಹೆಚ್ಚು ನೀರಾವಿ ಹುಟ್ಟುತ್ತದೆ, ಅನ್ನದ ಹಬೆ ಬೇರೆ. ಮುಚ್ಚಿದ ಕ್ಯಾಬಿನ್ನಿನಲ್ಲಿ ಒಲೆ ಉರಿದರೆ ಕಾರ್ಬನ್ ಮಾನಾಕ್ಸೈಡಿನಿಂದ ಜೀವಕ್ಕೇ ಸಂಚಕಾರ, ಒದ್ದೆ ಆಮೇಲಿನ ಮಾತು. ಒಲೆ ಹೊರಗೇ ಇರಲಿ.

ಹಾಗಾದರೆ ಏನು ಮಾಡುವುದು? ಹೊಸದಾಗಿ ಹಳೆಯ ಲಾರಿ ಕೊಂಡವರು ಮೊದಲು ಮಾಡುವ ಕೆಲಸ ಸಂದುಗೊಂದುಗಳಿಗೆಲ್ಲ ಸಿಲಿಕೋನ್ ತುಂಬುವುದು. ಇದನ್ನು ನಾನು ಒಪ್ಪುವುದಿಲ್ಲ. ಚಾಸಿಯ ಮೇಲೆ ಬಡಗಿಯೂ ಟಿಂಕರನೂ ಸೇರಿ ಕಟ್ಟುತ್ತಿದ್ದ ಮರದ ಚೌಕಟ್ಟಿನ ಕ್ಯಾಬಿನ್ನುಗಳಿಗೆ ಜನ ನಗುತ್ತಿದ್ದರು. ಬಾಗಿಲು ಪೂರ್ತಿ ಕೂರುತ್ತಿರಲಿಲ್ಲ, ಪೆಡಲ್ ಸಂದಿಯಿಂದ ಗಾಳಿ ನುಗ್ಗುತ್ತಿತ್ತು. ಆದರೆ ಒದ್ದೆಯಾದಷ್ಟೇ ಬೇಗ ಒಣಗುತ್ತಿದ್ದವು. ಸಂದಿ ಮುಚ್ಚಿದ ಕ್ಯಾಬಿನ್ ಉಪ್ಪಿನಕಾಯಿ ಜಾಡಿಯಂತೆ, ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ತುಕ್ಕಿನ ಮೇಲೆ ಬಳಿದ ಸಿಲಿಕೋನಂತೂ ನೀರನ್ನು ತನ್ನಡಿಯಲ್ಲೇ ಹಿಡಿದಿಟ್ಟುಕೊಂಡು ತಗಡಿಗೆ ಉಣಿಸುತ್ತದೆ.

ಮೊದಲು ನೀರು ಎಲ್ಲಿಂದ ಬಂತು ಎಂದು ತಿಳಿಯಬೇಕು. ಅನುಮಾನ ಬಂದ ಜಾಗವನ್ನು ಚೆನ್ನಾಗಿ ಒರೆಸಿ ಒಣಗಿಸಿ, ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ ರಾತ್ರಿ ಬಿಡಿ. ಬೆಳಿಗ್ಗೆ ಹಾಳೆಯ ಮೇಲ್ಮೈಯಲ್ಲಿ ಹನಿಗಳಿದ್ದರೆ ಅದು ಒಳಗಿನ ಗಾಳಿಯದು. ಹಾಳೆಯ ಅಡಿಯಲ್ಲಿ ಒದ್ದೆಯಿದ್ದರೆ ಸೋರಿಕೆ. ಸೂರಿನ ಒದ್ದೆಗೆ ಈ ಪರೀಕ್ಷೆ ಬಹಳ ಉಪಯೋಗ, ಏಕೆಂದರೆ ಅಲ್ಲಿ ಎರಡೂ ನಡೆಯುತ್ತವೆ. ಕ್ಯಾಬಿನ್ ಮೇಲಿನ ಕ್ಯಾರಿಯರಿನ ಬೋಲ್ಟುಗಳು ತಗಡನ್ನು ತೂರಿ ಬಂದಿರುತ್ತವೆ, ಅವುಗಳ ವಾಷರ್ ಸವೆದರೆ ಹನಿ ಇಳಿಯುತ್ತದೆ. ಅದೇ ಕ್ಯಾರಿಯರಿನಲ್ಲಿ ಒದ್ದೆ ಟಾರ್ಪಾಲು ಮಡಚಿಟ್ಟರೆ ಇಡೀ ಸೂರು ತಣ್ಣಗಾಗಿ ಒಳಗಿನ ಹಬೆ ಅಲ್ಲೇ ನೀರಾಗುತ್ತದೆ. ಮೊದಲನೆಯದಕ್ಕೆ ಹೊಸ ರಬ್ಬರ್ ವಾಷರ್ ಸಾಕು. ಎರಡನೆಯದಕ್ಕೆ ಎಷ್ಟು ಸಿಲಿಕೋನ್ ಬಳಿದರೂ ದಂಡ.

ಬಾಗಿಲಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಗಾಜಿನ ಮೇಲಿಂದ ಇಳಿದ ಮಳೆನೀರು ಬಾಗಿಲಿನೊಳಗೆ ಹೋಗುವುದು ದೋಷವಲ್ಲ, ಅದು ಹಾಗೆಯೇ ಇರುವುದು. ಒಳಗೆ ಬಂದ ನೀರು ಬಾಗಿಲ ತಳದ ಸಣ್ಣ ತೂತುಗಳಿಂದ ಹೊರಗೆ ಹೋಗಬೇಕು. ಕೆಸರು ಕಟ್ಟಿ ತೂತು ಮುಚ್ಚಿದರೆ ಬಾಗಿಲೇ ತೊಟ್ಟಿಯಾಗುತ್ತದೆ, ಒಳಗಿನ ಹಾರ್ಡ್‌ಬೋರ್ಡ್ ಹಪ್ಪಳದ ಹಾಗೆ ಉಬ್ಬುತ್ತದೆ. ಬಾಗಿಲನ್ನು ಜೋರಾಗಿ ಹಾಕಿದಾಗ ಒಳಗೆ ನೀರು ಕುಲುಕಿದ ಸದ್ದು ಕೇಳಿದರೆ ಬೇರೆ ಸಾಕ್ಷಿ ಬೇಡ. ಸೈಕಲ್ ಕಡ್ಡಿಯೊಂದನ್ನು ತೂತಿಗೆ ಹಾಕಿ ಆಡಿಸಿ. ಮೊದಲು ಕಪ್ಪು ರಾಡಿ, ಆಮೇಲೆ ತುಕ್ಕಿನ ಕೆಂಪು ನೀರು, ಕೊನೆಗೆ ತಿಳಿನೀರು ಬರುತ್ತದೆ. ಮಳೆಗಾಲದ ಮುಂಚೆ ಒಂದು ಸಲ, ನಡುವೆ ಒಂದು ಸಲ ಮಾಡಿದರೆ ಸಾಕು.

ಗಾಜಿಗೆ ನಮ್ಮ ರಸ್ತೆಯವರ ಮದ್ದುಗಳು ಹಲವು. ವೈಪರ್ ಕೈಕೊಟ್ಟಾಗ ಹೊರಮೈಗೆ ಹೊಗೆಸೊಪ್ಪಿನ ಪುಡಿಯೋ ಹೆಚ್ಚಿದ ಆಲೂಗಡ್ಡೆಯೋ ಉಜ್ಜಿದರೆ ನೀರು ಹನಿಗಟ್ಟದೆ ಹಾಳೆಯಂತೆ ಹರಡಿ ದಾರಿ ಕಾಣುತ್ತದೆ. ಒಳಮೈಗೆ ಶಾಂಪೂ ತೆಳ್ಳಗೆ ಸವರುವುದೂ ಇದೇ ತತ್ವ. ದಪ್ಪ ಬಳಿದರೆ ರಾತ್ರಿ ಎದುರಿನ ಲೈಟಿಗೆ ಗಾಜೆಲ್ಲ ಬೆಳ್ಳಗಾಗುತ್ತದೆ. ಅದಕ್ಕೂ ಮೊದಲು ಗಾಜನ್ನು ಸೋಪುನೀರಿನಲ್ಲಿ ತೊಳೆಯಿರಿ. ಬೀಡಿಯ ಹೊಗೆ, ಡ್ಯಾಶ್‌ಬೋರ್ಡಿನ ದೇವರಿಗೆ ಹಚ್ಚಿದ ಊದುಬತ್ತಿ, ಕರ್ಪೂರ ಎಲ್ಲ ಸೇರಿ ಒಳಗೆ ಜಿಡ್ಡಿನ ಪೊರೆ ಕಟ್ಟಿರುತ್ತದೆ. ಜಿಡ್ಡು ಗಾಜಿನ ಮೇಲೆ ನೀರು ಸಣ್ಣ ಸಣ್ಣ ಹನಿಯಾಗಿ ನಿಂತು ಬೆಳಕನ್ನು ಚದುರಿಸುತ್ತದೆ. ದೇವರ ಮೇಲೆ ನನಗೆ ದೂರಿಲ್ಲ, ಊದುಬತ್ತಿಯನ್ನು ಗಾಡಿಯ ಮುಂದೆ ಹಚ್ಚಿದರೂ ಅವನು ಬೇಡವೆನ್ನಲಾರ.

ಬಟ್ಟಲಲ್ಲಿ ಕಲ್ಲುಪ್ಪು ಇಡುವವರಿಗೆ ಒಂದು ಮಾತು. ಗಾಳಿಯ ತೇವ ನೂರಕ್ಕೆ ಎಪ್ಪತ್ತೈದು ದಾಟಿದ ಮೇಲೆ ಉಪ್ಪು ನೀರು ಎಳೆಯುತ್ತದೆ ನಿಜ. ಮಲೆನಾಡಿನ ಜುಲೈಯಲ್ಲಿ ಅದು ಎಳೆದು ಎಳೆದು ತಾನೇ ನೀರಾಗುತ್ತದೆ, ಮೊದಲ ಹಂಪಿಗೆ ಬಟ್ಟಲು ಮಗುಚಿ ಉಪ್ಪುನೀರು ತಗಡಿನ ಮೇಲೆ. ತುಕ್ಕಿಗೆ ಇದಕ್ಕಿಂತ ಒಳ್ಳೆಯ ಔತಣವಿಲ್ಲ. ಅದರ ಬದಲು ಎರಡೂ ಕಡೆಯ ಗಾಜನ್ನು ಎರಡು ಬೆರಳಿನಷ್ಟು ಇಳಿಸಿ, ಗಾಳಿ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗಲಿ. ಒದ್ದೆ ಬಟ್ಟೆ, ಹಗ್ಗಗಳಿಗೆ ಹಿಂದೆ ಟಾರ್ಪಾಲಿನಡಿ ಜಾಗ ಮಾಡಿ. ಮಳೆ ಹೊಳವಾದ ತಕ್ಷಣ ಮ್ಯಾಟೂ ಹಾಸೂ ಎತ್ತಿ ಹೊರಗೆ ಹಾಕಿ. ಆ ನಾರಿನ ಹಾಸನ್ನು ಮತ್ತೆ ಒಳಗೆ ಹಾಕದಿದ್ದರೆ ಇನ್ನೂ ಒಳ್ಳೆಯದು.

2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯವಾಗಿದೆ. ಡ್ರೈವರುಗಳ ಮಟ್ಟಿಗೆ ಬಹಳ ತಡವಾಗಿ ಬಂದ ನ್ಯಾಯ ಅದು. ಎಸಿ ಗಾಳಿಯನ್ನು ಒಣಗಿಸಿ ನೀರನ್ನು ಕೆಳಗೆ ತೊಟ್ಟಿಕ್ಕಿಸುವುದರಿಂದ ಒಳಗಿನ ಮಬ್ಬಿಗೆ ಅದು ಬಲವಾದ ಮದ್ದು. ಹೊಸ ಗಾಡಿಯವರಿಗೂ ಒಂದು ತಮಾಷೆ ಕಾದಿದೆ. ತಂಪು ಕ್ಯಾಬಿನ್ನಿನೊಂದಿಗೆ ಸಕಲೇಶಪುರದಿಂದ ಇಳಿದು ಕರಾವಳಿಯ ಸೆಕೆಗೆ ಬಂದಾಗ ಮಬ್ಬು ಕಟ್ಟುವುದು ಗಾಜಿನ ಹೊರಮೈಗೆ. ಒಳಗಿಂದ ಎಷ್ಟು ಉಜ್ಜಿದರೂ ಹೋಗದು. ವೈಪರನ್ನು ಒಂದು ಸಲ ಆಡಿಸಿ, ಎಸಿಯ ಗಾಳಿಯನ್ನು ಗಾಜಿನಿಂದ ಬೇರೆ ಕಡೆಗೆ ತಿರುಗಿಸಿದರೆ ಆಯಿತು.