ಬೇಗೂರಿನ ಕಾಳೆಗದ ಕಲ್ಲು

ಮಹದೇವಪುರದಿಂದ ಹೊರವರ್ತುಲ ರಸ್ತೆಯ ಗಾಜಿನ ಸೌಧಗಳನ್ನು ದಾಟಿ ಬೇಗೂರಿಗೆ ಹೋದವರು, ಬೆಂಗಳೂರೆಂಬ ಹೆಸರನ್ನು ಸುಮಾರು ಕ್ರಿ.ಶ. 890ರಷ್ಟು ಹಿಂದೆಯೇ ಕಾಳೆಗವೊಂದರ ಪ್ರಸಂಗದಲ್ಲಿ ದಾಖಲಿಸಿದ ಶಾಸನವನ್ನು ನಾಗೇಶ್ವರ ದೇವಾಲಯದ ಆವರಣದಲ್ಲಿ ಕಂಡು ತೃಪ್ತರಾಗಿ ಹಿಂತಿರುಗುವುದುಂಟು. ಆದರೆ ಆ ಊರು ಶಿಲ್ಪಕಲೆಗೆ ಇತ್ತ ಮಹತ್ತಾದ ಕಾಣಿಕೆ ಅಲ್ಲಿಲ್ಲ, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರಸ ಎರೆಯಪ್ಪನ ಕಡೆಯಿಂದ ವೀರಮಹೇಂದ್ರನೆಂಬವನ ಮೇಲೆ ನಡೆದ ಯುದ್ಧದಲ್ಲಿ, ತುಂಬೆಪಾಡಿಯಲ್ಲಿ ಮಡಿದ ನಾಗತ್ತರನ ವೀರಗಲ್ಲು ಅದು. ಅವನ ಪದವಿಯನ್ನು ಇರುಗನೆಂಬವನಿಗೆ ಕಟ್ಟಿ, ಬೆಂಪೂರು ಹನ್ನೆರಡು ಎಂಬ ಹಳ್ಳಿಗಳ ಗುಂಪನ್ನು ಕಲ್ನಾಡಾಗಿ, ಎಂದರೆ ವೀರನ ಸ್ಮರಣೆಯ ಭೂದಾನವಾಗಿ, ಕೊಟ್ಟ ಸಂಗತಿಯೂ ಅದೇ ಕಲ್ಲಿನ ಮೇಲಿದೆ.

ನಮ್ಮ ನಾಡಿನಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಕೆಳಗೆ ಕದನ, ನಡುವೆ ವೀರನನ್ನೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ ಎಂಬ ಮೂರಂತಸ್ತಿನ ಕ್ರಮ ಮುಂದಿನ ಶತಮಾನಗಳಲ್ಲಿ ಎಷ್ಟು ರೂಢವಾಯಿತೆಂದರೆ, ಒಂದು ಅಂತಸ್ತನ್ನು ಕಂಡವರಿಗೆ ಉಳಿದೆರಡನ್ನು ನೋಡುವ ಅಗತ್ಯವೇ ತೋರದು. ಬೇಗೂರಿನ ಶಿಲ್ಪಿಯಾದರೋ ಯುದ್ಧವನ್ನು ಸ್ವರ್ಗಾರೋಹಣದ ಪೀಠಿಕೆಯಾಗಿ ಸಂಕ್ಷೇಪಿಸಲಿಲ್ಲ. ಆನೆಯ ಮಗ್ಗುಲಿಗೆ ಕುದುರೆ, ಕುದುರೆಗೆ ಒತ್ತಿಕೊಂಡು ಆಯುಧಪಾಣಿಯಾದ ಭಟ, ಹೀಗೆ ದೇಹ ದೇಹಕ್ಕೆ ತಾಗಿ ನಿಂತ ಆ ಸಂದಣಿಯಲ್ಲಿ ಕಣ್ಣಿಗೆ ವಿಶ್ರಾಂತಿಯ ಎಡೆಯೇ ದೊರೆಯದು; ಆ ಇಕ್ಕಟ್ಟೇ ಇಲ್ಲಿಯ ರಸ.

ಇದೇ ಕಾಲದ ಆಸುಪಾಸಿನಲ್ಲಿ, 9ರಿಂದ 11ನೆಯ ಶತಮಾನದೊಳಗೆ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಗೋವನ್‌ನಲ್ಲಿ ಸಮಾಧಿಗಳ ಮೇಲೆ ಮಲಗಿಸಿದ ಕಲ್ಲುಗಳಲ್ಲಿಯೂ ಬರಿದಾದ ಎಡೆಗಳು ವಿರಳ. ಅಲ್ಲಿ ಮೇಲ್ಮೈಯನ್ನು ತುಂಬುವುದು ಹೆಚ್ಚಾಗಿ ಎಳೆಗಳು: ಒಂದರ ಮೇಲೆ ಹಾಯ್ದು ಇನ್ನೊಂದರ ಕೆಳಗೆ ನುಸುಳಿ, ಜಡೆ ಹೆಣೆದಂತೆ ಸಾಗುವ ಗಂಟುಗಳು. ಆ ಹೆಣಿಗೆಯ ಶಿಸ್ತಿಗೆ ತಲೆಬಾಗಬೇಕಾದುದೇ ಸರಿ. ಆದರೂ ನನ್ನ ಮನಸ್ಸು ಬೇಗೂರಿಗೇ ಒಲಿಯುತ್ತದೆ. ಎಳೆಯ ಮುಂದಿನ ನಡೆ ನಿಯಮದಿಂದ ಮೊದಲೇ ನಿಶ್ಚಿತವಾಗಿರುವುದು. ಮನುಷ್ಯರ ಸಂದಣಿಯಲ್ಲಿ ಯಾರ ತೋಳು ಯಾರನ್ನು ಮರೆಮಾಡಬೇಕೆಂಬುದನ್ನು ಉಳಿಯ ಪ್ರತಿ ಏಟಿನಲ್ಲಿಯೂ ಶಿಲ್ಪಿ ಹೊಸದಾಗಿ ನಿರ್ಣಯಿಸಬೇಕು. ಸತ್ತವನು ಯಾರೆಂದು ನಮ್ಮ ಕಲ್ಲು ಹೇಳುತ್ತದೆಂಬುದೂ ಅಲ್ಪವಾದ ಗುಣವಲ್ಲ.

ಗೋವನ್‌ನಲ್ಲಿ ಹಡಗುಕಟ್ಟೆಯ ಕಟ್ಟಡವೊಂದನ್ನು 1970ರ ದಶಕದಲ್ಲಿ ಕೆಡವಿದಾಗ ಈ ಸಮಾಧಿಕಲ್ಲುಗಳಲ್ಲಿ ಹಲವು ಭಗ್ನಾವಶೇಷದೊಡನೆ ಕಣ್ಮರೆಯಾಗಿ, ಅವುಗಳಲ್ಲಿ ಕೆಲವು 2019ರಲ್ಲಿ ವಿದ್ಯಾರ್ಥಿಯೊಬ್ಬನ ಕೈಗೆ ಮರಳಿ ಸಿಕ್ಕವು. ದಿನಕ್ಕೊಂದು ಅಡಿಪಾಯ ತೋಡುವ ನಮ್ಮ ಸೀಮೆಗೆ ಈ ವೃತ್ತಾಂತ ದೂರದ್ದಲ್ಲ. ಬೇಗೂರಿನ ಕಲ್ಲು ಸುರಕ್ಷಿತವಾಗಿದೆ, ನಿಜ. ಆದರೆ ಬಯಲಿನಲ್ಲಿ ನಿಂತು ಬೆಳಗು ಬೈಗುಗಳ ಓರೆಬಿಸಿಲನ್ನು ಪಡೆಯಬೇಕಾದ ಉಬ್ಬುಶಿಲ್ಪವು ಒಳಾಂಗಣದಲ್ಲಿ ತನ್ನ ಆಳವನ್ನು ಅರ್ಧ ಮಾತ್ರ ತೋರುತ್ತದೆ. ಮಿಥಿಕ್ ಸೊಸೈಟಿಯವರು ನಗರದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುತ್ತಿರುವ ಈ ಕಾಲದಲ್ಲಿ ಅದರ ಪೂರ್ಣಾಕಾರದ ಪ್ರತಿಕೃತಿ ಅಸಾಧ್ಯವೇನಲ್ಲ. ಅದನ್ನು ಬೇಗೂರಿನಲ್ಲಿಯೇ, ಕೆರೆಯ ಏರಿಯ ಮೇಲೆ, ದಕ್ಷಿಣಕ್ಕೆ ಮುಖಮಾಡಿ ನಿಲ್ಲಿಸಬೇಕು.