ನಳದ ಲೆಕ್ಕ, ನೀರಿನ ಲೆಕ್ಕ

ಮಾರ್ಚ್ ಬಂತಂದ್ರೆ ನಮ್ಮ ಆಫೀಸಿನಲ್ಲಿ ಎಲ್ಲರೂ ಕಥೆಗಾರರಾಗುತ್ತಾರೆ. ಅಪ್ರೈಸಲ್ ಫಾರ್ಮ್ ತುಂಬಬೇಕಲ್ಲ! ವರ್ಷದಲ್ಲಿ ಎಷ್ಟು ಟಿಕೆಟ್ ಕ್ಲೋಸ್ ಮಾಡಿದೆ, ಎಷ್ಟು ಟ್ರೇನಿಂಗ್ ಮುಗಿಸಿದೆ, ಎಲ್ಲಾ ಬರೀಬೇಕು. ಟಿಕೆಟ್ ಕ್ಲೋಸ್ ಆಗೋದು ಬೇರೆ, ಗಿರಾಕಿಯ ತೊಂದರೆ ಹೋಗೋದು ಬೇರೆ ಅಂತ ನಮಗೆಲ್ಲ ಗೊತ್ತು. ಫಾರ್ಮಿನಲ್ಲಿ ಮಾತ್ರ ಎರಡಕ್ಕೂ ಒಂದೇ ಕಾಲಮ್.

ಅದೇ ಹೊತ್ತಿಗೆ ನಮ್ಮ ನಗರಗಳೂ ತಮ್ಮ ಅಪ್ರೈಸಲ್ ಬರೆದುಕೊಳ್ಳುತ್ತವೆ. ಬಜೆಟ್ ಭಾಷಣ, ವಾರ್ಷಿಕ ವರದಿ, ಸಾಧನೆಯ ಪಟ್ಟಿ. ಇಷ್ಟು ಕಿಲೋಮೀಟರ್ ರಸ್ತೆ, ಇಷ್ಟು ಸಂಪರ್ಕ, ಇಷ್ಟು ಫಲಾನುಭವಿಗಳು. ನಾನು ಹೊಟ್ಟೆಪಾಡಿಗೆ ಡ್ಯಾಶ್‌ಬೋರ್ಡ್ ಮಾಡುವವನು. ಹಾಗಾಗಿ ಇಂಥ ಪಟ್ಟಿ ಕಂಡರೆ ಓದದೆ ಬಿಡೋಕಾಗಲ್ಲ. ಓದಿದ ಮೇಲೆ ಪ್ರತಿ ಸಲವೂ ನೆನಪಾಗೋದು ರಾಯಚೂರಿನ ನಮ್ಮತ್ತೆ.

ನನ್ನ ಊರು ರಾಯಚೂರು ತಾಲೂಕಿನ ಯಾಪಲದಿನ್ನಿ. ಯಾಪ ಅಂದರೆ ತೆಲುಗಿನಲ್ಲಿ ಬೇವು, ದಿನ್ನಿ ಅಂದರೆ ನಮ್ಮ ದಿಣ್ಣೆ. ಗಡಿನಾಡಲ್ವಾ, ಊರ ಹೆಸರಲ್ಲೇ ಎರಡು ಭಾಷೆ. ನಮಗೆ ಸಿಟಿ ಅಂದರೆ ರಾಯಚೂರು. ಹತ್ತಿ ಮಾರೋಕೆ ಅಲ್ಲಿಯ ಗಂಜ್, ಜ್ವರ ಬಂದರೆ ಅಲ್ಲಿಯ ದವಾಖಾನೆ, ಕಾಲೇಜಿಗೆ ಅಲ್ಲಿಯ ಅತ್ತೆ ಮನೆ. ಬೆಂಗಳೂರಿಗೆ ಬರೋ ಮುಂಚೆ ಐದು ವರ್ಷ ಆ ಮನೆಯಲ್ಲೇ ಇದ್ದೆ.

ಒಮ್ಮೆ ಹಬ್ಬಕ್ಕೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಒಂದು ಪಟ್ಟಿ ತೋರಿಸಿ, "ಅತ್ತಿ, ಮನಿಮನಿಗೆ ನಳ ಅಂತ ಎಷ್ಟು ಕೆಲಸ ಆಗೇತಿ ನೋಡು" ಅಂದೆ. ಅತ್ತೆ ಒಲೆ ಮೇಲೆ ಕುದೀತಿದ್ದ ನೀರಿನ ಪಾತ್ರೆ ಇಳಿಸುತ್ತಾ ಅಂದರು: "ನಳ ಐತಿ ತಮ್ಮಾ. ಇಲ್ಲ ಅಂತ ಯಾರಂದ್ರು? ಅದರಾಗಿನ ನೀರು ಹಂಗೇ ಕುಡೀತೀಯೇನು, ಅದನ್ನ ಹೇಳು."

ನನ್ನ ಹತ್ರ ಉತ್ತರ ಇರಲಿಲ್ಲ. ಯಾಕಂದ್ರೆ 2022 ನನಗೂ ನೆನಪಿದೆ. ಆ ವರ್ಷ ಮೇ ಕೊನೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ನೂರಾರು ಜನ ವಾಂತಿ-ಭೇದಿಯಿಂದ ಆಸ್ಪತ್ರೆ ಸೇರಿದರು, ಜೀವಗಳೂ ಹೋದವು. ತನಿಖೆಗೆ ಆದೇಶ ಆಯ್ತು, ಪರಿಹಾರ ಘೋಷಣೆ ಆಯ್ತು. ಜಿಲ್ಲೆಯ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ಹೊಳೆ ನಡುವಿನ ಊರಲ್ಲಿ ಕುಡಿಯೋ ನೀರಿಗೆ ಜನ ಸತ್ತರು.

ಈಗ ಲೆಕ್ಕದ ವಿಷಯಕ್ಕೆ ಬರೋಣ. ಸತ್ತವರ ಮನೆಗಳಲ್ಲೂ ನೀರು ಬಂದದ್ದು ಪೈಪಿನಿಂದಲೇ. ಅಂದರೆ ಸಂಪರ್ಕದ ಲೆಕ್ಕದಲ್ಲಿ ಅವು ‘ಗುರಿ ಮುಟ್ಟಿದ’ ಮನೆಗಳು. ಶುದ್ಧೀಕರಣ ಕೆಟ್ಟಾಗ ಪೈಪು ಎಷ್ಟು ಚೆನ್ನಾಗಿ ಹರಡಿರುತ್ತೋ ಕೆಟ್ಟ ನೀರು ಅಷ್ಟು ಮನೆ ಮುಟ್ಟುತ್ತೆ. ಪ್ರಗತಿ ಅಂತ ನಾವು ಎಣಿಸಿದ್ದೇ ಅಪಾಯದ ದಾರಿಯೂ ಆಗಿಬಿಡುತ್ತೆ.

ಹಾಗಂತ ಅಳೆಯೋ ವ್ಯವಸ್ಥೆಯೇ ಇಲ್ಲ ಅಂತಲ್ಲ. 1992ರ 74ನೇ ತಿದ್ದುಪಡಿ ಸಂವಿಧಾನಕ್ಕೆ ಹನ್ನೆರಡನೇ ಅನುಸೂಚಿ ಸೇರಿಸಿತು. ನಗರಾಡಳಿತಗಳಿಗೆ ವಹಿಸಬಹುದಾದ 18 ಕೆಲಸಗಳ ಪಟ್ಟಿ ಅದು. ಮೂರನೆಯದು ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿಯ ಯೋಜನೆ, ಐದನೆಯದು ನೀರು ಪೂರೈಕೆ. 2008ರಲ್ಲಿ ಕೇಂದ್ರ ನಗರಾಭಿವೃದ್ಧಿ ಸಚಿವಾಲಯ ನೀರು, ಒಳಚರಂಡಿ, ಕಸ, ಮಳೆನೀರು ಚರಂಡಿ ಈ ನಾಲ್ಕಕ್ಕೆ ಸೇರಿ 28 ಮಾನದಂಡ ಕೊಟ್ಟಿತು. ಅದರಲ್ಲಿ ನೀರಿನದೇ 9. ತಲೆಗೆ ದಿನಕ್ಕೆ 135 ಲೀಟರ್, ದಿನಪೂರ್ತಿ ಪೂರೈಕೆ, ಲೆಕ್ಕಕ್ಕೆ ಸಿಗದ ನೀರು 20 ಪರ್ಸೆಂಟಿನೊಳಗೆ, ಗುಣಮಟ್ಟ ನೂರಕ್ಕೆ ನೂರು. 13ನೇ ಹಣಕಾಸು ಆಯೋಗವಂತೂ ಇನ್ನೂ ಬಿಗಿ ಮಾಡಿತು. ಈ ವರ್ಷದ ಸೇವೆಯ ಮಟ್ಟ ಎಷ್ಟು, ಮುಂದಿನ ವರ್ಷದ ಗುರಿ ಏನು ಅಂತ ಗೆಜೆಟ್‌ನಲ್ಲಿ ಪ್ರಕಟಿಸಿದರೆ ಮಾತ್ರ ಸಾಧನೆ ಆಧಾರಿತ ಅನುದಾನ ಅಂದಿತು.

ಒಳ್ಳೆಯ ಐಡಿಯಾ. ನನ್ನ ತಕರಾರು ಇರೋದು ಸಾಲುಗಳನ್ನು ಜೋಡಿಸುವ ರೀತಿಗೆ. ‘ಗುಣಮಟ್ಟ’ ಅನ್ನೋದು ಆ ಒಂಬತ್ತರಲ್ಲಿ ಒಂದು ಸಾಲು, ಮೀಟರ್ ಅಳವಡಿಕೆ ಇನ್ನೊಂದು ಸಾಲು, ಶುಲ್ಕ ವಸೂಲಿ ಮತ್ತೊಂದು. ನೋಡೋಕೆ ಎಲ್ಲವೂ ಸಮ. ಆದರೆ ಗುಣಮಟ್ಟದ ಸಾಲು ಸೊನ್ನೆಯಾದ ದಿನ ಉಳಿದ ಎಂಟು ಸಾಲು ಇದ್ದರೆಷ್ಟು, ಬಿಟ್ಟರೆಷ್ಟು? ವಿಷ ಬೆರೆತ ನೀರಿನ ಬಿಲ್ 90 ಪರ್ಸೆಂಟ್ ವಸೂಲಾದರೆ ಅದನ್ನ ಸಾಧನೆ ಅನ್ನೋಣವಾ? ವರ್ಷದ ಸರಾಸರಿಯದೂ ಇದೇ ಕಥೆ. 355 ದಿನ ಶುದ್ಧ ನೀರು, 10 ದಿನ ಕೆಟ್ಟ ನೀರು ಕೊಟ್ಟ ಊರಿಗೆ ನೂರಕ್ಕೆ 97 ಅಂಕ. ನಮ್ಮ ಕ್ಲಾಸಿನಲ್ಲಿ ಅದು ಡಿಸ್ಟಿಂಕ್ಷನ್!

ಇನ್ನೊಂದು ಲೆಕ್ಕವೂ ಇದೆ. 2018ರ ಜನವರಿಯಲ್ಲಿ ಶುರುವಾದ ಮಹತ್ವಾಕಾಂಕ್ಷಿ ಜಿಲ್ಲೆಗಳ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಆಯ್ಕೆಯಾದವು ರಾಯಚೂರು, ಯಾದಗಿರಿ. 49 ಸೂಚ್ಯಂಕಗಳು: ಆರೋಗ್ಯ-ಪೌಷ್ಟಿಕತೆಗೆ 30 ಪರ್ಸೆಂಟ್ ತೂಕ, ಶಿಕ್ಷಣಕ್ಕೆ 30, ಕೃಷಿ-ಜಲಸಂಪನ್ಮೂಲಕ್ಕೆ 20, ಹಣಕಾಸು ಸೇರ್ಪಡೆ ಮತ್ತು ಕೌಶಲಕ್ಕೆ 10, ಮೂಲಸೌಕರ್ಯಕ್ಕೆ 10. ಇಲ್ಲಿ ರ‍್ಯಾಂಕ್ ಸಿಗೋದು ಎಲ್ಲಿದ್ದೀರಿ ಅನ್ನೋದಕ್ಕಲ್ಲ, ಎಷ್ಟು ಸುಧಾರಿಸಿದಿರಿ ಅನ್ನೋದಕ್ಕೆ. ಹಿಂದುಳಿದ ಜಿಲ್ಲೆಗೆ ಇದು ನ್ಯಾಯವೇ. ಬೆಂಗಳೂರಿನ ಪಕ್ಕ ನಿಲ್ಲಿಸಿ ಅಳೆದರೆ ರಾಯಚೂರು ಯಾವತ್ತೂ ಕೊನೆಯೇ. ಆದರೆ ಜಿಲ್ಲೆಯ ಅಂಕದಲ್ಲಿ ನಗರ ಕರಗಿಹೋಗುತ್ತೆ. ಜಿಲ್ಲೆಗೆ ಒಳ್ಳೆ ರ‍್ಯಾಂಕ್ ಬಂತು ಅನ್ನೋ ಸುದ್ದಿ ಅತ್ತೆಯ ಓಣಿಯ ಪೈಪಿನ ಬಗ್ಗೆ ಏನೂ ಹೇಳಲ್ಲ.

ಇನ್ನು 371ಜೆ. ಕಲ್ಯಾಣ ಕರ್ನಾಟಕದ ಮೀಸಲಾತಿಯಿಂದ ನನ್ನ ಎಷ್ಟೋ ಗೆಳೆಯರು ಸೀಟು ಪಡೆದಿದ್ದಾರೆ, ಅದರ ಋಣ ದೊಡ್ಡದು. ಆದರೆ ನಾವ್ಯಾರೂ ಅಷ್ಟಾಗಿ ಮಾತಾಡದ ಮಾತೊಂದು ಅದೇ ವಿಧಿಯಲ್ಲಿದೆ: ಅಭಿವೃದ್ಧಿ ಮಂಡಳಿಯ ಕೆಲಸದ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದಿಡಬೇಕು. ಸಂವಿಧಾನವೇ ಕೇಳುವ ಅಪ್ರೈಸಲ್ ಅದು! ಸೀಟಿನ ಕಟಾಫ್ ಬಾಯಿಪಾಠ ಇರೋ ನಮ್ಮಲ್ಲಿ ಆ ವರದಿ ಓದಿದವರು ಎಷ್ಟು ಜನ? ನಾನೂ ಓದಿರಲಿಲ್ಲ. ತಪ್ಪು ಬರೀ ಬರೆಯೋರದ್ದಲ್ಲ.

ಇಷ್ಟೆಲ್ಲ ಲೆಕ್ಕದಲ್ಲಿ ಎಲ್ಲೂ ಸಿಗದವರು ಇನ್ನೊಬ್ಬರಿದ್ದಾರೆ. ನಮ್ಮ ಅಪ್ಪ. ಬೆಳಗಿನ ಬಸ್ಸಿಗೆ ಯಾಪಲದಿನ್ನಿಯಿಂದ ಹೊರಟು, ಗಂಜ್‌ನಲ್ಲಿ ಹತ್ತಿ ಹಾಕಿ, ಬೀಜ-ಗೊಬ್ಬರ ತಗೊಂಡು ಸಂಜೆಗೆ ವಾಪಸ್. ಊರಿನ ವ್ಯಾಪಾರ ನಡೆಯೋದೇ ಇಂಥವರಿಂದ. ನೀರು, ಶೌಚಾಲಯ, ನೆರಳು ಅವರಿಗೂ ಬೇಕು. ತಲೆಗೆ 135 ಲೀಟರ್ ಅನ್ನುವಾಗ ಎಣಿಸೋದು ಮಾತ್ರ ಅಲ್ಲಿ ವಾಸ ಇರೋ ತಲೆಗಳನ್ನ. ಸಿಟಿಯ ಆರ್ಥಿಕ ಪ್ರಗತಿಯಲ್ಲಿ ಅಪ್ಪನ ದುಡ್ಡಿದೆ, ಸೌಲಭ್ಯದ ಲೆಕ್ಕದಲ್ಲಿ ಅಪ್ಪ ಇಲ್ಲ.

ಹಂಗಾದ್ರೆ ಒಳ್ಳೆ ವರದಿ ಹೇಗಿರಬೇಕು? ನಾನು ಕೇಳೋದು ಮೂರೇ. ಒಂದು, ವಾರ್ಡ್ ವಾರ್ಡಿನ ಲೆಕ್ಕ: ನೀರಿನ ಮಾದರಿ ಎಲ್ಲಿ ತೆಗೆದರು, ಯಾವ ದಿನ, ಫಲಿತಾಂಶ ಏನು. ಸರಾಸರಿ ಬೇಡ, ಕೆಟ್ಟ ದಿನಗಳ ಪಟ್ಟಿ ಕೊಡಿ. ಎರಡು, ಕಳೆದ ವರ್ಷ ಹೇಳಿ ಮಾಡದೆ ಉಳಿದ ಕೆಲಸಗಳ ಒಂದು ಪುಟ, ಕಾರಣದ ಸಮೇತ. ಮೂರು, ಹೊರಗಿಂದ ಬಂದುಹೋಗುವ ಜನರ ಲೆಕ್ಕ.

ನಗರಾಡಳಿತದ ಕಷ್ಟವೂ ನನಗೆ ಅರ್ಥ ಆಗುತ್ತೆ. ಸಿಬ್ಬಂದಿ ಕಮ್ಮಿ, ಸ್ವಂತ ಆದಾಯ ಕಮ್ಮಿ, ದೊಡ್ಡ ಯೋಜನೆಗೆಲ್ಲ ಮೇಲಿನವರ ಕೈ ನೋಡಬೇಕು. ಸೋಲು ಬರೆದುಕೊಂಡರೆ ಮರುದಿನ ಅದೇ ಹೆಡ್‌ಲೈನ್. ನನ್ನ ಅಪ್ರೈಸಲ್‌ನಲ್ಲಿ ನಾನೇನು ಸೋಲು ಬರೀತೀನಾ? ಆದರೆ ನಾನು ಮುಚ್ಚಿಟ್ಟರೆ ಹೋಗೋದು ಯಾರದೋ ಸಾಫ್ಟ್‌ವೇರು. ಅಲ್ಲಿ ಮುಚ್ಚಿಟ್ಟರೆ ಹೋಗೋದು ಜೀವ.

ರಾಯಚೂರು ಈಚೆಗೆ ನಗರಸಭೆಯಿಂದ ಮಹಾನಗರ ಪಾಲಿಕೆ ಆಗಿದೆ. ಹೊಸ ಬೋರ್ಡಿನ ಜೊತೆ ಹೊಸ ಥರದ ವರದಿಯೂ ಬರಲಿ ಅಂತ ನನ್ನ ಆಸೆ. ಮೊನ್ನೆ ಫೋನಿನಲ್ಲಿ ಇದನ್ನೇ ಅತ್ತೆಗೆ ಹೇಳಿದೆ. "ಬರ್ಲಿ ಬಿಡಪ್ಪಾ, ಚಲೋ ಆತು" ಅಂದರು. ಆಮೇಲೆ, "ತಡಿ, ಒಲಿ ಮ್ಯಾಲ ನೀರಿಟ್ಟೀನಿ" ಅಂತ ಫೋನ್ ಇಟ್ಟರು.