ಹತ್ತು ಮೀಟರ್ ಸಾಕು

ಡೈವಿಂಗ್ ಮುಗಿಸಿ ದೋಣಿ ಹತ್ತಿದವರನ್ನು ಜನ ಮೊದಲು ಕೇಳುವುದು, ‘ಎಷ್ಟು ಆಳ ಹೋದ್ರಿ?’ ಏನು ನೋಡಿದಿರಿ ಎನ್ನುವವರು ಕಡಿಮೆ. ಹವಳದ ದಿಬ್ಬದ ಮಟ್ಟಿಗೆ ಈ ಆಳದ ಹುಚ್ಚು ಬರೀ ನಷ್ಟದ ಬಾಬತ್ತು. ದಿಬ್ಬ ಕಟ್ಟುವ ಹವಳದ ಜೀವಿಗೆ ಅನ್ನ ಹಾಕುವುದು ಅದರ ಮೈಯೊಳಗೇ ಬದುಕುವ ಪಾಚಿ. ಪಾಚಿಗೆ ಬಿಸಿಲು ಬೇಕು. ಹಾಗಾಗಿ ಸಂಭ್ರಮವೆಲ್ಲ ಮೇಲೆಯೇ. ಜೊತೆಗೆ 10 ಮೀಟರಿನಲ್ಲಿ ಒತ್ತಡ ಎರಡು ಪಟ್ಟು, 20ರಲ್ಲಿ ಮೂರು ಪಟ್ಟು; ಸಿಲಿಂಡರಿನ ಗಾಳಿ ಕರಗುವುದೂ ಅದೇ ಲೆಕ್ಕದಲ್ಲಿ. ಕೆಳಗಿಳಿದವನಿಗೆ ಸಮಯವೂ ಕಡಿಮೆ, ಬಣ್ಣವೂ ಕಡಿಮೆ.

ನನ್ನ ಆಯ್ಕೆ ಲಕ್ಷದ್ವೀಪದ ಕಡಮತ್. ಪಶ್ಚಿಮಕ್ಕೆ ಲಗೂನ್, ಅದರಾಚೆ ಅಲೆ ಒಡೆಯುವ ದಿಬ್ಬದ ಅಂಚು. ಹೆಚ್ಚಿನ ಪ್ರವಾಸಿಗರು ಲಗೂನಿನ ತಿಳಿನೀರಿಗೇ ಮರುಳಾಗಿ ಮರಳುತ್ತಾರೆ. ನೋಡಬೇಕಾದದ್ದು ಅಂಚಿನ ಹೊರಗಿನ ಇಳಿಜಾರು. ಅಲ್ಲಿ ಒಂದೇ ಕಡೆ ನಿಧಾನವಾಗಿ ತೇಲುತ್ತಾ ಇರಿ. ಗಿಳಿಮೀನು ಹವಳದ ಕಲ್ಲನ್ನು ಕಡಿಯುವ ಕಟಕಟ ಸದ್ದು ಕಿವಿಗೇ ಬೀಳುತ್ತದೆ. ದಡದಲ್ಲಿ ಫೋಟೊ ತೆಗೆಸಿಕೊಳ್ಳುವ ಆ ಬಿಳಿ ಮರಳಿನಲ್ಲಿ ಅದು ಅರೆದು ವಿಸರ್ಜಿಸಿದ್ದೂ ಸಾಕಷ್ಟಿದೆ.

ಇಳಿಜಾರನ್ನು ಓದಲೂ ಬರಬೇಕು. ಗುಂಡಾಗಿ ಬೆಳೆಯುವ ಪೊರೈಟಿಸ್ ಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ದಪ್ಪವಾಗುತ್ತದೆ. ಆಳೆತ್ತರದ್ದು ಕಂಡರೆ ಅದು ನಿಮ್ಮ ಮುತ್ತಜ್ಜನಿಗಿಂತ ಹಿರಿದು. ಕೊಂಬೆ ಹವಳದ್ದು ಅವಸರದ ಬೆಳವಣಿಗೆ, ಸಾವೂ ಅಷ್ಟೇ ಬೇಗ. 1998, 2010, 2016ರಲ್ಲಿ ಕಡಲು ಕಾದಾಗ ಪಾಚಿ ಕಳೆದುಕೊಂಡು ಬಿಳುಚಿ, ಹೆಚ್ಚು ಸತ್ತದ್ದು ಈ ಜಾತಿ. ಮುರಿದ ಕೊಂಬೆಗಳ ರಾಶಿಯ ನಡುವೆ ಗುಂಡು ಹವಳ ಮಾತ್ರ ನಿಂತಿದ್ದರೆ, ಅಲ್ಲಿ ಅಂಥ ಬೇಸಿಗೆಯೊಂದು ಹಾದುಹೋಗಿರುವ ಸಾಧ್ಯತೆ ಹೆಚ್ಚು.

ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪ ಸಾಲದೇ ಎಂದು ಕೇಳುವವರಿದ್ದಾರೆ. ನೇತ್ರಾಣಿಯಲ್ಲಿ ಬಂಡೆಗೆ ಅಂಟಿದ ಹವಳವಿದೆ, ಹವಳವೇ ಕಟ್ಟಿದ ದಿಬ್ಬವಿಲ್ಲ. ಮಳೆಗಾಲದಲ್ಲಿ ನಮ್ಮ ನದಿಗಳು ಸುರಿಯುವ ಸಿಹಿನೀರು, ಕೆಸರು ಕರಾವಳಿಯುದ್ದಕ್ಕೂ ಅದಕ್ಕೆ ಆಸ್ಪದ ಕೊಡುವುದಿಲ್ಲ. ಆದರೂ ಮೊದಲು ಅಲ್ಲಿಗೇ ಹೋಗಿ. ಕೈಕಾಲು ಬಡಿಯದೆ ನೀರಿನಲ್ಲಿ ಒಂದೇ ಮಟ್ಟದಲ್ಲಿ ನಿಲ್ಲುವುದನ್ನು ಕಲಿತು, ಆಮೇಲೆ ಕಡಮತ್‌ಗೆ ಟಿಕೆಟ್ ಮಾಡಿಸಿ.